ಒಂಬತ್ತು ಮಹಡಿಯ ಗಿರಾಕಿಗಳು

ಭಾನುವಾರ, ಮಾರ್ಚ್ 15

ಪ್ರೀತಿಯ ಗುಂಡಮ್ಮನಿಗೆ,

ಇಲ್ಲಿ ಎಲ್ಲವೂ ಸರಿಯಾಗಿದೆ. ನಿನ್ನೆ ನಾನೇ ಬಿ.ಪಿ. ನೋಡಿಕೊಂಡೆ, ನೂರಮೂವತ್ತಕ್ಕೆ ಎಂಬತ್ತು. ನನ್ನ ವಯಸ್ಸಿಗೆ ಅದು ಬಹುಮಾನ ಕೊಡಬೇಕಾದ ಬಿ.ಪಿ. ನೀನೂ ಅಳಿಯಂದಿರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಮೂರು ವಾರದಿಂದ ನಿನ್ನ ಫೋನು ಬಂದಾಗಲೆಲ್ಲ "ಕೈಯೆಲ್ಲ ಅಂಟು, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ, ಆಮೇಲೆ ಮಾಡಲಿಲ್ಲ. ತಪ್ಪು ನನ್ನದು, ಒಪ್ಪಿಕೊಂಡೆ. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಮೂರು ಮಾತು ತುರುಕುತ್ತೀಯ. ಕಾಗದದಲ್ಲಾದರೆ ಕೊನೆಯ ಸಾಲಿನ ತನಕ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಅಂಗಡಿಯ ವಿಷಯ. ನಮ್ಮ ಬೀದಿಯ ಮೂಲೆಯಲ್ಲಿ ವಾಚು ರಿಪೇರಿಯವರು ಕೂರುತ್ತಿದ್ದ ಕೋಣೆ ಗೊತ್ತಲ್ಲ, ಮುಂದೆ ಗಾಜಿನ ಕಿಟಕಿ ಇರುವುದು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಅದನ್ನು ಬಾಡಿಗೆಗೆ ಕೊಡುತ್ತಿದ್ದಾರೆ. ಮೂರು ವರ್ಷದ ಕರಾರು. ನಾಳೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಬೇಕು, ಇಲ್ಲದಿದ್ದರೆ ಮೊಬೈಲ್ ಕವರು ಮಾರುವವನೊಬ್ಬ ಕಾದು ನಿಂತಿದ್ದಾನೆ. ಹೌದು ಎಂದರೆ ನನ್ನ ನಿವೃತ್ತಿಯ ಗಂಟಿನಲ್ಲಿ ಮುಕ್ಕಾಲು ಭಾಗ ಅಲ್ಲಿಗೆ ಹೋಗುತ್ತದೆ. ತಿಂಗಳ ಹಿಂದೆ ಇದನ್ನು ಹೇಳಿದ್ದಕ್ಕೆ ನೀನು ಏನೆಂದೆ? "ಅಂಗಡಿ ಗಿಂಗಡಿ ಎಲ್ಲ ಯಾಕಮ್ಮಾ, ಮನೇಲೇ ಆರಾಮಾಗಿ ಮಾಡ್ಕೊಂಡಿರು." ಅದೇ ಬಾಯಲ್ಲಿ ಅದರ ಹಿಂದಿನ ವಾರ "ಜನ ಮುಗಿಬಿದ್ದು ತಗೊಳ್ತಿದಾರೆ ಅಮ್ಮ" ಎಂದವಳೂ ನೀನೇ. ಜನ ಮುಗಿಬೀಳುತ್ತಿದ್ದರೆ ಅವರು ನಿಲ್ಲಲು ಒಂದು ಜಾಗ ಬೇಡವೆ? ಅವತ್ತಿನಿಂದ ನಿನ್ನ ಮೇಲೆ ಸಿಟ್ಟು ಬಂದಿದೆ, ಇನ್ನೂ ಇಳಿದಿಲ್ಲ.

ನಾನು ಈ ಕೆಲಸ ಹಿಡಿದದ್ದು ಹೊತ್ತು ಕಳೆಯಲು ಎಂದು ನೀನೂ ಅಳಿಯಂದಿರೂ ತಿಳಿದಿದ್ದೀರಿ. ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಹೆಡ್ ನರ್ಸ್ ಆಗಿದ್ದವಳಿಗೆ ಹೊತ್ತು ಕಳೆಯುವುದು ಎಂದರೇನು ಎಂದೇ ಗೊತ್ತಿಲ್ಲ. ವಾರ್ಡಿನ ರಿಜಿಸ್ಟರುಗಳ ಬೆನ್ನು ಕಿತ್ತುಹೋದಾಗ ಉಳಿದ ನೂಲಿನಲ್ಲಿ ನಾನೇ ಹೊಲಿದು ಕೂಡಿಸುತ್ತಿದ್ದೆ. ಆ ರಿಜಿಸ್ಟರುಗಳು ಈಗಲೂ ಇವೆ, ಬರೆದ ಡಾಕ್ಟರುಗಳು ಇಲ್ಲ. ಈಗ ಬಿಳಿ ಹಾಳೆ ಮಡಿಸಿ, ಕಟ್ಟುಕಟ್ಟಾಗಿ ಹೊಲಿದು, ರಟ್ಟು ಹಾಕಿ, ಬಟ್ಟೆ ಅಂಟಿಸಿ, ಬರೆಯುವ ಪುಸ್ತಕ ಮಾಡುತ್ತೇನೆ. ಹೊಟ್ಟೆ ಹೊಲಿಯುವ ಮೊದಲು ಸೂಜಿ, ಹತ್ತಿ, ಬಟ್ಟೆ ಎಲ್ಲವನ್ನೂ ಎರಡೆರಡು ಸಲ ಎಣಿಸಿದವಳು ನಾನು, ಆ ಚಾಳಿ ಹೋಗುವುದಿಲ್ಲ. ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ನಂಬರು ಹಾಕುತ್ತೇನೆ. ಪ್ರತಿ ಗಿರಾಕಿಗೆ ಒಂದು ಚೀಟಿ, ರೋಗಿಗೆ ಕೇಸ್ ಶೀಟ್ ಇದ್ದ ಹಾಗೆ. ಎಂಟು ತಿಂಗಳ ಹಿಂದೆ ನೀನು ಫೋನಿನಲ್ಲಿ ಅಂಗಡಿ ತೆರೆದುಕೊಟ್ಟೆಯಲ್ಲ, ಅಲ್ಲಿಂದ ಇಲ್ಲಿಯವರೆಗೆ ಅರವತ್ತೊಂದು ಚೀಟಿ. ಅದರಲ್ಲಿ ಐವತ್ತಾರು ಒಂದೇ ಕಟ್ಟಡದಿಂದ, ವರ್ತುಲ ರಸ್ತೆಯ ಆ ಒಂಬತ್ತು ಮಹಡಿಯ ಗಾಜಿನ ಕಟ್ಟಡ. ಒಬ್ಬರ ಮೇಜಿನ ಮೇಲೆ ನೋಡಿ ಇನ್ನೊಬ್ಬರು, ಅವರದು ನೋಡಿ ಮತ್ತೊಬ್ಬರು. ವಾರ್ಡಿನಲ್ಲಿ ಒಬ್ಬ ರೋಗಿ ದಿಂಬು ಕೇಳಿದರೆ ಸಂಜೆಯೊಳಗೆ ಇಪ್ಪತ್ತು ಜನಕ್ಕೂ ದಿಂಬು ಬೇಕಾಗುತ್ತದೆ. ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಇನ್ನು ಆ ತರಗತಿ. 'ಹವ್ಯಾಸದಿಂದ ಉದ್ಯಮಕ್ಕೆ' ಎಂದು ಬೋರ್ಡು ಹಾಕಿಕೊಂಡು ಟೈರು ಅಂಗಡಿಯ ಮೇಲಿನ ಹಾಲಿನಲ್ಲಿ ಆರು ಶನಿವಾರ ನಡೆಸಿದರು. ನಿನ್ನೆ ಮುಗಿಯಿತು. ಅಂಗಡಿ ಹಾಕುವವಳು ವ್ಯಾಪಾರದ ಮೂಲಪಾಠ ಕಲಿಯಬೇಕು ಎಂದು ನನಗೆ ನಾನೇ ಹೇಳಿಕೊಂಡು ಸೇರಿದೆ. ಸೇರಿದ ಮೊದಲ ಹತ್ತು ನಿಮಿಷದಲ್ಲೇ ಫೀಸು ವಾಪಸ್ ಕೇಳಬೇಕೆನಿಸಿತು.

ಮೇಷ್ಟ್ರು ನಿನಗಿಂತ ಹತ್ತು ವರ್ಷ ಚಿಕ್ಕವನು. ಫ್ಯಾನು ತಿರುಗದ ಹಾಲಿನಲ್ಲಿ ಕೋಟು ಹಾಕಿಕೊಂಡು ಬರುತ್ತಾನೆ, ಬೆವರು ಒರೆಸಿಕೊಳ್ಳುತ್ತಲೇ "ಆತ್ಮವಿಶ್ವಾಸ" ಎನ್ನುತ್ತಾನೆ. ಮೊದಲು ಅವನದೇ ಒಂದು ಕೇಕ್ ಅಂಗಡಿ ಇತ್ತಂತೆ. ಹದಿನಾಲ್ಕು ತಿಂಗಳಲ್ಲಿ ಮುಚ್ಚಿತಂತೆ. ಅದನ್ನು ಅವನು ನಾಚಿಕೆಯಿಲ್ಲದೆ ಮೊದಲ ದಿನವೇ ಹೇಳಿದ. ಸರ್ಜನ್ ಒಬ್ಬ ಬಂದು 'ನಾನು ಮಾಡಿದ ಒಂದೇ ಆಪರೇಷನ್ನಿನಲ್ಲಿ ರೋಗಿ ಹೋಗಿಬಿಟ್ಟ, ಬನ್ನಿ ಕಲಿಸುತ್ತೇನೆ' ಎಂದರೆ ನಾನು ಅವನ ಕೈಗೆ ಕತ್ತರಿ ಕೊಡುತ್ತಿದ್ದೆನೆ? ನನ್ನನ್ನು ಮೇಡಂ ಎಂದ. "ಸಿಸ್ಟರ್ ಅನ್ನಿ, ಅಭ್ಯಾಸ ಇದೆ" ಎಂದೆ. ಅವತ್ತಿನಿಂದ ಸಿಸ್ಟರ್.

ಜೊತೆಗಾರರೋ, ಕೇಳಲೇಬೇಡ. ಒಬ್ಬಳು ಸೋಪಿನ ಹುಡುಗಿ. ಪ್ರತಿ ಸೋಪಿನಲ್ಲೂ ತನ್ನ ಆತ್ಮ ಇದೆ ಎನ್ನುತ್ತಾಳೆ. ನಾನು ಒಂದು ತಂದು ತೊಳೆದು ನೋಡಿದೆ, ಆತ್ಮ ಇರಬಹುದು, ನೊರೆ ಇಲ್ಲ. ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಹಕ್ಕಿಗಳಿಗೆ ಮರದ ಮನೆ ಮಾಡುತ್ತಾರೆ. ಎರಡು ವರ್ಷದಲ್ಲಿ ಒಂದು ಹಕ್ಕಿಯೂ ಒಳಗೆ ಹೋಗಿಲ್ಲವಂತೆ. "ಅವಕ್ಕೆ ಹೊಂದ್ಕೊಳ್ಳೋಕೆ ಟೈಮ್ ಬೇಕು ಸಿಸ್ಟರ್" ಎಂದರು, ಸಾಲಕ್ಕೆ ಅರ್ಜಿ ಹಾಕಿದವನಿಗೆ ಹೇಳುವ ಗತ್ತಿನಲ್ಲೇ. ಇನ್ನೊಂದು ಜೋಡಿ ಗಂಡ ಹೆಂಡತಿ, ಸುವಾಸನೆಯ ಮೇಣದಬತ್ತಿಯವರು. ಪರಿಮಳ ಅವಳು ಆರಿಸುತ್ತಾಳೆ, ಅವನಿಗೆ ಸೈನಸ್, ಯಾವ ವಾಸನೆಯೂ ಹತ್ತುವುದಿಲ್ಲ. ಆದರೂ ಪ್ರತಿ ವಾರ "ಇದು ಜಾಸ್ತಿ ಆಯ್ತು" ಎಂದು ಜಗಳ. ಇಂಥವರ ನಡುವೆ ಅರವತ್ತೊಂದು ಪುಸ್ತಕ ಮಾರಿದ ನಾನು ಕಾಲ ಮೇಲೆ ಕಾಲು ಹಾಕಿ ಕೂರದೆ ಇನ್ನೇನು ಮಾಡಲಿ?

ಎರಡನೆಯ ಶನಿವಾರ ಬೆಲೆಯ ಪಾಠ. ಒಂದು ಪುಸ್ತಕಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ. ಆರು ಗಂಟೆ ಎಂದೆ. ಬೆಲೆ ಕೇಳಿದ, ಹೇಳಿದೆ. ಅವನು ಬೋರ್ಡಿನ ಮೇಲೆ ಏನೋ ಗೀಚಿ ನನ್ನ ಕಡೆ ತಿರುಗಿ, "ಸಿಸ್ಟರ್, ಹಾಳೆ, ರಟ್ಟು, ಬಟ್ಟೆಗೆ ಬೆಲೆ ಇದೆ. ನಿಮ್ಮ ಆರು ಗಂಟೆಗೆ ಎಲ್ಲಿದೆ?" ಎಂದ. ಅದು ಪ್ರೀತಿಯಿಂದ ಮಾಡುವ ಕೆಲಸ ಎಂದೆ. "ಪ್ರೀತಿಯಿಂದ ಮಾಡಿ, ಆದ್ರೆ ಪ್ರೀತಿ ಅಂತ ಕೂಲೀನ ಬಿಲ್ಲಲ್ಲಿ ಬಿಡಬೇಡಿ" ಎಂದ. ಎಲ್ಲರೂ ನಕ್ಕರು, ಹಕ್ಕಿ ಮನೆಯವರೂ ನಕ್ಕರು. ಯಾರು ಯಾರನ್ನು ನೋಡಿ ನಗಬೇಕೆಂಬ ವಿವೇಚನೆಯೇ ಇಲ್ಲ.

ನಾಲ್ಕನೆಯ ಶನಿವಾರ ಪಾಠದ ಹೆಸರು 'ನಿಮ್ಮ ಗಿರಾಕಿ ಯಾರು'. ಸೋಪಿನವಳು "ಎಲ್ಲರೂ" ಎಂದಳು. ನಾನು ನೆಟ್ಟಗೆ ಕೂತು "ಬರೆಯುವವರು" ಎಂದೆ. "ಬರೆಯುವವರಾ, ಕೊಳ್ಳುವವರಾ?" ಎಂದು ಕೇಳಿದ. ಕೊಂಡವರು ಬರೆಯದೆ ಉಪ್ಪಿನಕಾಯಿ ಹಾಕುತ್ತಾರೆಯೇ ಎಂದು ಕೇಳಿದೆ. ಅವನು ನಗಲಿಲ್ಲ. ನನ್ನ ಚೀಟಿಗಳನ್ನು ಇಸಿದುಕೊಂಡು ಒಂದೊಂದಾಗಿ ನೋಡಿದ.

"ಐವತ್ತಾರೂ ಒಂದೇ ಕಟ್ಟಡದಿಂದ ಬಂದಿದಾವಲ್ಲ ಸಿಸ್ಟರ್. ಅಲ್ಲಿ ಯಾರನ್ನಾದ್ರೂ ನೋಡಿದೀರಾ?"

"ಪುಸ್ತಕ ತಗೊಳ್ಳೋಕೆ ಅವರು ನನ್ನ ಮುಖ ನೋಡ್ಬೇಕಾ?"

"ಅವರು ಬೇಡ. ನೀವು ನೋಡ್ಬೇಕು."

ಹೊಟ್ಟೆಕಿಚ್ಚು ಎಂದುಕೊಂಡೆ. ಹದಿನಾಲ್ಕು ತಿಂಗಳು ಕೇಕ್ ಮಾರಲು ಆಗದವನಿಗೆ ಹೆಂಗಸೊಬ್ಬಳ ಐವತ್ತಾರು ಚೀಟಿ ಕಣ್ಣಿಗೆ ಚುಚ್ಚಿರಬೇಕು. ಅವತ್ತೇ ಎಲ್ಲರಿಗೂ ಮನೆಕೆಲಸ ಕೊಟ್ಟ: ಮೂರು ಗಿರಾಕಿಗಳ ಹತ್ತಿರ ಖುದ್ದಾಗಿ ಹೋಗಿ, ಯಾಕೆ ಕೊಂಡರು, ಕೊಂಡದ್ದನ್ನು ಏನು ಮಾಡುತ್ತಿದ್ದಾರೆ ಎಂದು ನೋಡಿ ಬರಬೇಕು. ಇಷ್ಟೇ ತಾನೆ. ಹೊಲಿಗೆ ಹಾಕಿ ಕಳಿಸಿದ ರೋಗಿ ಹತ್ತು ದಿನಕ್ಕೆ ವಾಪಸ್ ಬಂದಾಗ ಗಾಯ ಒಣಗಿದೆಯೇ ಎಂದು ನೋಡುವುದನ್ನು ನನಗೆ ಈ ಕೋಟು ಕಲಿಸಬೇಕಿರಲಿಲ್ಲ.

ಮೊದಲು ಹೋದದ್ದು ಒಂಬತ್ತನೆಯ ನಂಬರಿನ ಪುಸ್ತಕ ನೋಡಲು. ಕೊಂಡವನು ಬೈಕ್ ಮೆಕ್ಯಾನಿಕ್. ಅಂಗಡಿಯ ತುಂಬ ಎಣ್ಣೆ, ನಿಲ್ಲಲು ಒಂದು ಒಣ ಜಾಗವಿಲ್ಲ. ನನ್ನ ಪುಸ್ತಕವನ್ನು ಪಂಕ್ಚರ್ ಡಬ್ಬಿಯ ಕೆಳಗಿನಿಂದ ಎಳೆದು ತೆಗೆದ. ನೀಲಿ ಬಟ್ಟೆ ಕಪ್ಪಾಗಿ ಹೋಗಿದೆ, ಮೂಲೆಗಳು ಸವೆದಿವೆ, ಪುಟಗಳ ಮೇಲೆಲ್ಲ ಬೆರಳಚ್ಚು. ಯಾವ ಗಾಡಿ ಯಾವ ಸದ್ದು ಮಾಡುತ್ತದೆ, ಏನು ಬಿಚ್ಚಿದರೆ ಸದ್ದು ನಿಂತಿತು ಎಂದು ಬರೆದುಕೊಂಡಿದ್ದಾನೆ. ಹೇಗಿದೆ ಎಂದು ಕೇಳಿದೆ.

"ಹೇಳ್ಲಾ ಆಂಟಿ? ಬೇಜಾರು ಮಾಡ್ಕೋಬಾರ್ದು. ತೆರೆದಿಟ್ರೆ ತಾನೇ ಮುಚ್ಕೊಳ್ಳುತ್ತೆ. ಬರೀಬೇಕಾದ್ರೆ ಮೇಲೊಂದು ಸ್ಪ್ಯಾನರ್ ಇಡ್ಬೇಕು. ಗೆರೆ ಬೇರೆ ಇಲ್ಲ, ನನ್ನ ಅಕ್ಷರ ಎಲ್ಲ ಬೆಟ್ಟ ಹತ್ತುತ್ತೆ."

ಗೆರೆ ಬೇಕಂತೆ ಮಹಾರಾಯನಿಗೆ. ಗೆರೆ ಇಲ್ಲದ ಹಾಳೆಯ ಅಂದ ಯಾವುದು, ಗಟ್ಟಿ ಬೆನ್ನಿನ ಅಂದ ಯಾವುದು ಎಂದು ಎಣ್ಣೆ ಕೈಯವನಿಗೆ ಹೇಳಿ ಪ್ರಯೋಜನವೇನು? ಆಯಿತು ನೋಡೋಣ ಎಂದು ಹೇಳಿ ಸೆರಗು ಎತ್ತಿ ಹಿಡಿದುಕೊಂಡು ಬಂದುಬಿಟ್ಟೆ.

ಎರಡನೆಯವಳು ದಂತವೈದ್ಯೆ, ನಂಬರು ಇಪ್ಪತ್ತೆರಡು. ಕ್ಲಿನಿಕ್ ಅಚ್ಚುಕಟ್ಟು, ಮಾತು ಅದಕ್ಕಿಂತ ಅಚ್ಚುಕಟ್ಟು. "ಅಯ್ಯೋ ನೀವೇನಾ ಅಮ್ಮ, ಎಷ್ಟು ಚೆನ್ನಾಗಿ ಮಾಡ್ತೀರಿ, ಕೈಗೆ ತಗೊಂಡ್ರೇನೇ ಮನಸ್ಸು ತಣ್ಣಗಾಗುತ್ತೆ" ಎಂದಳು. ನೀನೂ ಇದೇ ಮಾತು ಹೇಳುತ್ತೀಯ, ಅಕ್ಷರಕ್ಕೆ ಅಕ್ಷರ. ಎಲ್ಲಿ ತೋರಿಸು ಎಂದೆ. ಗಾಜಿನ ಬೀರುವಿನಲ್ಲಿ ಹಲ್ಲಿನ ಮಾದರಿಗಳ ಪಕ್ಕದಲ್ಲಿ ಇತ್ತು, ನಾನು ಸುತ್ತಿ ಕಳಿಸಿದ ಕಂದು ಕಾಗದದಲ್ಲೇ. "ಬಿಚ್ಚಿ ನೋಡಿ ಮತ್ತೆ ಹಾಗೇ ಕಟ್ಟಿಟ್ಟೆ ಅಮ್ಮ, ಬರೆಯೋಕೆ ಮನಸ್ಸೇ ಬರಲ್ಲ" ಎಂದಳು. ನಾನು ಪಾರ್ಸೆಲ್ಲಿಗೆ ಹಾಕುವುದು ಥಿಯೇಟರಿನ ಗಂಟು, ಮೊದಲ ಸುತ್ತಿನಲ್ಲಿ ನೂಲು ಎರಡು ಸಲ ಒಳಗೆ ಹೋಗಬೇಕು, ಬಾಲ ಎರಡೂ ಕಡೆ ಸಮ ಇರಬೇಕು. ಆ ಗಂಟು ಹಾಗೇ ಇತ್ತು. ಹಲ್ಲು ಕೀಳುವವಳಿಗೂ ಇಷ್ಟು ಚೆನ್ನಾಗಿ ಗಂಟು ಹಾಕಲು ಬರುತ್ತದಲ್ಲ ಎಂದುಕೊಂಡು ಅವಳು ಕೊಟ್ಟ ನೀರು ಕುಡಿದು ಬಂದೆ.

ಮೂರನೆಯದಕ್ಕೆ ಮೊನ್ನೆ ಶುಕ್ರವಾರ ಆ ಗಾಜಿನ ಕಟ್ಟಡಕ್ಕೆ ಹೋಗಿದ್ದೆ. ಅದನ್ನು ಈಗ ಬೇಡ, ಕೊನೆಯಲ್ಲಿ ಬರೆಯುತ್ತೇನೆ.

ಮನೆಯ ಸುದ್ದಿ ಹೆಚ್ಚೇನಿಲ್ಲ. ಅಡಿಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ಪ್ಲಂಬರ್ ಬಂದು ಅರ್ಧ ಗಂಟೆ ಅದನ್ನೇ ನೋಡಿ, ಇದು ಹಳೇದಾಯ್ತು ಎಂದು ಹೇಳಿ ಹೋದ, ಅಷ್ಟು ನನಗೂ ಗೊತ್ತಿತ್ತು. ಎದುರುಮನೆಯವಳು ಸೊಸೆಯ ಮೇಲಿನ ದೂರನ್ನೆಲ್ಲ ನನ್ನ ಗೇಟಿನ ಹತ್ತಿರವೇ ನಿಂತು ಹೇಳುತ್ತಾಳೆ, ಆ ಸೊಸೆ ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಅಳಿಯಂದಿರಿಗೆ ಶುಗರ್ ಟೆಸ್ಟ್ ಮಾಡಿಸು. ಹೋದ ಸಲ ಬಂದಾಗ ಅವರ ಕಣ್ಣ ಕೆಳಗಿನ ಕಪ್ಪು ನನಗೆ ಹಿಡಿಸಲಿಲ್ಲ. ನೀನೂ ಊಟ ಬಿಟ್ಟು ಬಿಸ್ಕತ್ತಿನ ಮೇಲೆ ಬದುಕಬೇಡ, ಗುಂಡಮ್ಮ ಎಂದು ಕರೆಯಲು ನನಗೇ ನಾಚಿಕೆಯಾಗುವಷ್ಟು ಒಣಗಿದ್ದೀಯ.

ಇಬ್ಬರೂ ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಿ. ನಿಮ್ಮ ಮನೆಯಲ್ಲಿ ನಗು ಇರಲಿ. ನನ್ನ ಕೋಪವೂ ನಿನ್ನನ್ನು ಕಾಯುತ್ತಿರಲಿ.

ನಿನ್ನ ಅಮ್ಮ

ತಾ.ಕ.: ಮೂರನೆಯದು.

ಒಂಬತ್ತೂ ಮಹಡಿ ಹತ್ತುವುದು ಬೇಡ, ಕೆಳಗೇ ಕೇಳೋಣ ಎಂದು ರಿಸೆಪ್ಷನ್ನಿನ ಹೆಂಗಸಿಗೆ ಮೂರು ಚೀಟಿ ತೋರಿಸಿದೆ. ಅವಳು ಹೆಸರುಗಳನ್ನು ಓದಿ "ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಮ್ಮ" ಎಂದಳು. ಆಮೇಲೆ ಕಂದು ಕಾಗದ, ಗಂಟು ಎಂದು ನಾನು ವಿವರಿಸಿದಾಗ ಅವಳ ಮುಖ ಅರಳಿತು. "ಓ, ಆ ಪಾರ್ಸೆಲ್‌ಗಳಾ? ಅದು ನಮ್ಮ ಹೆಡ್ ಆಫೀಸ್ ಮೇಡಂದು. ಯಾವ ಹೆಸರಲ್ಲಿ ಬಂದ್ರೂ ತಗೊಂಡು ಒಳಗಿಡಿ ಅಂದಿದಾರೆ. ನೀವು ವಾಪಸ್ ತಗೊಂಡು ಹೋಗೋಕೆ ಬಂದ್ರಾ? ಜಾಗಾನೇ ಇಲ್ಲ." ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನಿನ್ನ ಕಂಪನಿಯ ಹೆಸರು ಇತ್ತು. ಶಾಖೆ ಅಲ್ಲಿಗೆ ಬಂದು ಒಂದು ವರ್ಷವಾಯಿತಂತೆ. ನೀನು ನನಗೆ ಹೇಳಿರಲಿಲ್ಲ.

ಮೆಟ್ಟಿಲ ಕೆಳಗಿನ ಬೀರು ತೆಗೆದು ತೋರಿಸಿದಳು. ನಾನು ಎಣಿಸಿದೆ. ಎರಡು ಸಲ ಎಣಿಸಿದೆ. ಐವತ್ತಾರು. ಎಲ್ಲದರ ಗಂಟೂ ನಾನು ಹಾಕಿದ ಹಾಗೇ ಇತ್ತು. ದಂತವೈದ್ಯೆಯ ಬೀರುವಿನಲ್ಲಿದ್ದ ಗಂಟೂ ನಾನು ಹಾಕಿದ್ದೇ, ಅವಳು ಅದನ್ನು ಬಿಚ್ಚೇ ಇರಲಿಲ್ಲ ಎಂದೂ ಅಲ್ಲೇ ಗೊತ್ತಾಯಿತು. ಅವಳು ನಿನಗೆ ಏನಾಗಬೇಕು ಎಂದು ನಾನು ಕೇಳುವುದಿಲ್ಲ.

ಅರವತ್ತೊಂದರಲ್ಲಿ ಐವತ್ತೇಳು ಕಳೆದರೆ ನಾಲ್ಕು. ನಿನ್ನೆ ತರಗತಿ ಮುಗಿದ ಮೇಲೆ ಎಲ್ಲರೂ ಹೋಗುವ ತನಕ ಕೂತಿದ್ದು ಕೋಟಿನವನಿಗೆ ಹೇಳಿದೆ. ಯಾಕೆ ಹೇಳಿದೆನೋ, ಬೇರೆ ಯಾರಿಗೆ ಹೇಳಬೇಕಿತ್ತೋ ಗೊತ್ತಿಲ್ಲ. ಅವನು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಎದುರಿಗೆ ಕೂತ. "ನನ್ನ ಕೇಕ್ ಅಂಗಡೀಲೂ ಗಿರಾಕಿಗಳು ನಮ್ಮ ಮಾವಂದಿರೇ ಸಿಸ್ಟರ್. ಯಾರ್ಯಾರನ್ನೋ ಕಳಿಸಿ ತರಿಸ್ಕೊಳ್ತಿದ್ರು. ನನಗೆ ಗೊತ್ತಾಗಿದ್ದು ಹದಿನಾಲ್ಕನೇ ತಿಂಗಳಲ್ಲಿ, ಎಲ್ಲಾ ಸುರಿದಾದ ಮೇಲೆ. ನಿಮಗೆ ಎಂಟರಲ್ಲೇ ಗೊತ್ತಾಯ್ತು. ಮತ್ತೆ ನಾಲ್ಕು ಅಂದ್ರೆ ಸೊನ್ನೆ ಅಲ್ಲ" ಎಂದ. ಅವತ್ತು ನನ್ನ ಚೀಟಿಗಳನ್ನು ನೋಡಿದ ಅವನ ಕಣ್ಣನ್ನು ನಾನು ಹೊಟ್ಟೆಕಿಚ್ಚು ಎಂದಿದ್ದೆ.

ಮೆಕ್ಯಾನಿಕ್ ಹೇಳಿದ್ದರಲ್ಲಿ ಒಂದು ಮಾತನ್ನು ಮೇಲೆ ಬರೆಯಲಿಲ್ಲ, ಬರೆಯುವಷ್ಟು ದೊಡ್ಡದೆಂದು ಆಗ ಅನ್ನಿಸಿರಲಿಲ್ಲ. "ಎರಡು ಸಲ ಎಣ್ಣೆ ಡಬ್ಬಿಗೆ ಬಿದ್ದಿದೆ ಆಂಟಿ, ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ. ಗೆರೆ ಹಾಕಿ, ತೆರೆದಿಟ್ರೆ ಮಲಗೋ ಹಾಗೆ ಮಾಡಿಕೊಟ್ರೆ ಇನ್ನೂ ಮೂರು ಬೇಕು" ಎಂದಿದ್ದ. ನಾಳೆ ಹತ್ತು ಗಂಟೆಗೆ ವಾಚಿನವರ ಹೆಂಡತಿಗೆ ಕೋಣೆ ಬೇಡ ಎಂದು ಹೇಳುತ್ತೇನೆ. ಅಲ್ಲಿಂದ ಆಟೋ ಮಾಡಿಕೊಂಡು ಹೋಗಿ ಬೀರುವಿನಲ್ಲಿರುವ ಐವತ್ತಾರನ್ನೂ ತರುತ್ತೇನೆ. ಬೆನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಫೋನಿನ ಅಂಗಡಿಯ ಪಾಸ್‌ವರ್ಡ್ ನನಗೆ ಕಳಿಸು. ಇನ್ನು ಮೇಲೆ ನೀನು ಒಂದು ಪುಸ್ತಕವನ್ನೂ ಕೊಳ್ಳಕೂಡದು.

ಪುಸ್ತಕ ಹೋಗಲಿ. ನಿನ್ನ ಆ ದನಿ, ಗುಂಡಮ್ಮ. "ಜನ ಮುಗಿಬಿದ್ದು ತಗೊಳ್ತಿದಾರೆ ಅಮ್ಮ." ಆ ದನಿಯನ್ನು ಎಲ್ಲೋ ಕೇಳಿದ್ದೇನೆ ಎಂದು ಶುಕ್ರವಾರ ಬಸ್ಸಿನ ತುಂಬ ಯೋಚಿಸಿದೆ. ಮನೆಯ ಬೀಗ ತೆಗೆಯುವಾಗ ಹೊಳೆಯಿತು, ಅದು ನನ್ನದೇ. ಹಿಂದಿನ ಕೋಣೆಯಲ್ಲಿ ನಿಮ್ಮಪ್ಪ ಮಲಗಿದ್ದ ಕೊನೆಯ ನಾಲ್ಕು ತಿಂಗಳೂ ದಿನಾ ಬೆಳಿಗ್ಗೆ ನಾನು ಆ ದನಿಯಲ್ಲೇ "ಇವತ್ತು ಮುಖದಲ್ಲಿ ಎಷ್ಟು ಕಳೆ ಬಂದಿದೆ, ಬರೋ ತಿಂಗಳು ನೀವೇ ಎದ್ದು ಓಡಾಡ್ತೀರಿ" ಎನ್ನುತ್ತಿದ್ದೆ. ರಿಪೋರ್ಟು ನನ್ನ ಕೈಚೀಲದಲ್ಲಿರುತ್ತಿತ್ತು. ನಿನಗೆ ಹದಿನೇಳು ವರ್ಷ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅವರು ಪ್ರತಿ ದಿನವೂ ನನ್ನನ್ನು ನೋಡಿ ನಕ್ಕು ತಲೆಯಾಡಿಸುತ್ತಿದ್ದರು, ಅವರು ನಂಬಿದರು ಎಂದೇ ನಾನು ಇಷ್ಟು ವರ್ಷ ಸಮಾಧಾನದಿಂದ ಇದ್ದೆ.

ಮಂಚದ ಮೇಲಿನಿಂದ ಆ ದನಿ ಹೇಗೆ ಕೇಳಿಸುತ್ತದೆ ಎಂದು ನನಗೆ ಈಗ ಗೊತ್ತಾಯಿತು. ನಿಮ್ಮಪ್ಪನಿಗೆ ಗೊತ್ತಿತ್ತು.